ಎದುರಿಗೆ 18, ಪರದೆಯಲ್ಲಿ 9

ಕ್ಲಾಸಿನ ಮೊದಲ ದಿನ ನನ್ನೆದುರು 18 ಜನ, ಆನ್‌ಲೈನಿನಲ್ಲಿ ಸೇರಿ ಪರದೆಯಲ್ಲಿ 9 ಜನ. ಒಳ್ಳೆಯ ಕ್ಯಾಮೆರಾ ಹಾಕಿದ್ದೆ. ಪಾಠ ಜೋರಾಗಿಯೇ ನಡೆಯಿತು, ಹಿಂದಿನ ಬೆಂಚಿನಿಂದ ಪ್ರಶ್ನೆ, ನಗು ಎಲ್ಲ ಇತ್ತು. ಆಮೇಲೆ ರೆಕಾರ್ಡಿಂಗ್ ಹಾಕಿ ನೋಡಿದೆ. ನನ್ನ ಉತ್ತರಗಳಷ್ಟೇ ಕೇಳಿಸುತ್ತಿವೆ, ಪ್ರಶ್ನೆ ಒಂದೂ ಇಲ್ಲ. ಯಾರದೋ ಜೋಕಿಗೆ ರೂಮಿಡೀ ನಗುತ್ತಿದೆ, ಪರದೆಯ 9 ಮುಖಗಳು ಸುಮ್ನೆ ನೋಡುತ್ತಿವೆ. ಪಕ್ಕದವರು ಫೋನಿನಲ್ಲಿ ಮಾತಾಡುವುದನ್ನು ಕೇಳುತ್ತಾ ಕೂತ ಹಾಗೆ.

ಲ್ಯಾಪ್‌ಟಾಪ್ ಮೈಕಿಗೆ ದೂರದ ದನಿ ಸರಿಯಾಗಿ ಸಿಗುವುದಿಲ್ಲ. ಮಾರನೇ ವಾರ ರೂಮಿನ ನಡುವೆ ಎಲ್ಲರ ದನಿ ಹಿಡಿಯುವ ಸ್ಪೀಕರ್‌ಫೋನ್ ಇಟ್ಟೆ. ಜೊತೆಗೊಂದು ರೂಢಿ: ಯಾರೇ ಏನೇ ಕೇಳಲಿ, ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ನಾನೇ ಒಮ್ಮೆ ಹೇಳುವುದು. ಇದಕ್ಕೆ ಕಾಸು ಖರ್ಚಿಲ್ಲ, ಉಪಯೋಗ ಮಾತ್ರ ಆ ಸ್ಪೀಕರ್‌ಫೋನಿಗಿಂತ ಜಾಸ್ತಿ. ಅಷ್ಟರಲ್ಲಿ ಒಬ್ಬಳು ರೂಮಲ್ಲೇ ಕೂತು ಅದೇ ಮೀಟಿಂಗಿಗೆ ಸೇರಿ ಮೈಕ್ ಆನ್ ಮಾಡಿದಳು. ಕಿವಿಗೆ ಚುಚ್ಚುವ ಕೀಂ ಸದ್ದು! ಅಂದಿನಿಂದ ರೂಮಲ್ಲಿರುವವರ ಮೈಕೂ ಬಂದ್, ಸ್ಪೀಕರೂ ಬಂದ್.

ಚಾಟ್ ನೋಡುತ್ತಾ ಪಾಠ ಮಾಡುವುದು ನನ್ನ ಕೈಲಿ ಆಗಲಿಲ್ಲ. ಆಗುತ್ತದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಈಗ ರೂಮಿನಲ್ಲಿರುವ ಒಬ್ಬರಿಗೆ ದಿನಕ್ಕೊಬ್ಬರಂತೆ ಆ ಕೆಲಸ. ಚಾಟಿನಲ್ಲಿ ಪ್ರಶ್ನೆ ಬಂದರೆ ಕೈ ಎತ್ತಿ ಓದುತ್ತಾರೆ. ನಾನು ಏನಾದರೂ ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಆನ್‌ಲೈನಿನವರಿಗೆ ನನ್ನ ಮಾತು ತಲುಪಿ, ಅವರು ಟೈಪ್ ಮಾಡಿ ಮುಗಿಸಬೇಕು ಅಲ್ವಾ? ಮೊದಲೆಲ್ಲ ಮುಂದಿನ ಬೆಂಚಿನವರೇ ಎಲ್ಲದಕ್ಕೂ ಉತ್ತರ ಹೇಳಿಬಿಡುತ್ತಿದ್ದರು.

ಹೀಗೆ ರೂಮಿನವರಿಗೂ ಆನ್‌ಲೈನಿನವರಿಗೂ ಒಟ್ಟಿಗೆ ಪಾಠ ಮಾಡುವುದಕ್ಕೆ ಹೈಫ್ಲೆಕ್ಸ್ ಅಂತ ಹೆಸರಿದೆ ಎಂದು ಗೊತ್ತಾಗಿದ್ದು ಆಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಯೂನಿವರ್ಸಿಟಿಯ ಬ್ರಯಾನ್ ಬೀಟಿ 2006ರ ಹೊತ್ತಿಗೇ ಇದನ್ನು ರೂಪಿಸಿದ್ದರು, ಕೊರೊನಾಗಿಂತ ಎಷ್ಟೋ ಮೊದಲು. ಎದುರಿಗೆ ಕೂರುವುದು, ಲೈವ್ ಸೇರುವುದು, ಆಮೇಲೆ ನೋಡುವುದು, ಯಾವ ದಾರಿ ಅನ್ನುವುದು ಕಲಿಯುವವರ ಆಯ್ಕೆ. ಆದರೆ ಕಲಿಕೆ ಎಲ್ಲರಿಗೂ ಸಮನಾಗಿ ಸಿಗಬೇಕು. ನನಗೆ ಕಷ್ಟವಾಗಿದ್ದು ಇದೇ. ರೆಕಾರ್ಡಿಂಗ್ ನೋಡುವವನು ಚರ್ಚೆಯನ್ನು ನೋಡಬಹುದು, ಅದರಲ್ಲಿ ಸೇರಲು ಆಗುವುದಿಲ್ಲ. ಅದಕ್ಕೆ ಚರ್ಚೆಯ ಸಾರವನ್ನು ಎಲ್ಲರೂ ಒಂದೇ ಗೂಗಲ್ ಡಾಕ್‌ನಲ್ಲಿ ಬರೆಯುವಂತೆ ಮಾಡಿದೆ. ತಡವಾಗಿ ನೋಡಿದವರು 2 ದಿನದೊಳಗೆ ಇಬ್ಬರ ಮಾತಿಗಾದರೂ ಉತ್ತರ ಬರೆಯಬೇಕು, ಇಲ್ಲವೇ ಹೊಸ ಪ್ರಶ್ನೆ ಹಾಕಬೇಕು.

ಹೋದ ವಾರ ಹಾಗೆ ಬಂದ ಪ್ರಶ್ನೆಯೊಂದರಿಂದಲೇ ಕ್ಲಾಸ್ ಶುರು ಮಾಡಿದೆ. ಬರೆದವನು ಅವತ್ತು ರೂಮಿಗೇ ಬಂದು ಮೊದಲ ಬೆಂಚಲ್ಲಿ ಕೂತಿದ್ದ. ಅಭ್ಯಾಸಬಲ ನೋಡಿ, ಅವನ ಪ್ರಶ್ನೆಯನ್ನು ಅವನಿಗೇ ಎರಡು ಸಲ ಹೇಳಿದೆ.