ಹುಲ್ಲುಹಾಸಿಗೆ ಇಳಿದ ಅಪರಿಚಿತ ಹಕ್ಕಿಗಳನ್ನು ಗುರುತಿಸುವ ಬಗೆ

ಚಳಿಗಾಲದ ಬೆಳಗಿನಲ್ಲಿ ಶಾಲೆಯ ಮೈದಾನಕ್ಕೋ ಉದ್ಯಾನದ ಹುಲ್ಲುಹಾಸಿಗೋ ಪರಿಚಯವಿಲ್ಲದ ಹಕ್ಕಿಗಳ ಗುಂಪು ಇಳಿದು ಮೇಯುತ್ತಿದ್ದರೆ, ಮೊದಲು ಬಣ್ಣವನ್ನು ಬದಿಗಿಟ್ಟು ನಡಿಗೆಯನ್ನು ನೋಡಬೇಕು. ಬಿಸಿಲು, ವಯಸ್ಸು, ಋತುಗಳಿಗೆ ತಕ್ಕಂತೆ ಬಣ್ಣ ಬೇರೆಯಾಗಿ ಕಾಣುತ್ತದೆ. ನಡಿಗೆ ಅಷ್ಟಾಗಿ ಮೋಸ ಮಾಡುವುದಿಲ್ಲ. ಗೊರವಂಕ ಮತ್ತು ಕಬ್ಬಕ್ಕಿಗಳು ಹೆಚ್ಚಾಗಿ ಹೆಜ್ಜೆಯಿಟ್ಟು ನಡೆಯುತ್ತವೆ, ಹರಟೆಮಲ್ಲಗಳು ಕುಪ್ಪಳಿಸುತ್ತವೆ, ಸಿಪಿಲೆಗಳು ಓಡಿ ನಿಂತು ಬಾಲ ಕುಣಿಸುತ್ತವೆ. ಟಿಟ್ಟಿಭವಾದರೆ ಕೆಲವು ಹೆಜ್ಜೆ ಓಡಿ, ಥಟ್ಟನೆ ನಿಂತು, ಮುಂದಕ್ಕೆ ಬಾಗಿ ಹುಳುವನ್ನು ಕುಕ್ಕುತ್ತದೆ.

ಸೂರ್ಯನಿಗೆ ಬೆನ್ನು ಮಾಡಿ ನಿಧಾನವಾಗಿ ಸಮೀಪಿಸಿ, ಹಕ್ಕಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದ ಕೂಡಲೇ ಅಲ್ಲೇ ನಿಲ್ಲಿರಿ. ದೂರದಿಂದ ಬಂದ ಹಕ್ಕಿಗೆ ಹೊಟ್ಟೆ ತುಂಬುವುದು ನಮ್ಮ ಕುತೂಹಲಕ್ಕಿಂತ ದೊಡ್ಡದು.

ಕರ್ನಾಟಕದ ಬಯಲುಸೀಮೆಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಗುಲಾಬಿ ಕಬ್ಬಕ್ಕಿಯ ಹಿಂಡು. ಮಧ್ಯ ಏಷ್ಯಾ ಮತ್ತು ಪೂರ್ವ ಯುರೋಪಿನ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಚಳಿಗಾಲವನ್ನು ನಮ್ಮಲ್ಲಿ ಕಳೆದು ಏಪ್ರಿಲ್ ಹೊತ್ತಿಗೆ ಬಹುಪಾಲು ಮರಳುತ್ತವೆ. ವಯಸ್ಕ ಹಕ್ಕಿಯ ಕಪ್ಪು ತಲೆ, ಕಪ್ಪು ರೆಕ್ಕೆ, ನಸುಗೆಂಪು ಮೈ ಗುರುತಿಗೆ ಸುಲಭ. ಎಳೆಯ ಹಕ್ಕಿಗಳಲ್ಲಿ ಆ ಗುಲಾಬಿಯ ಸುಳಿವೇ ಇರದೆ, ಮೈಯೆಲ್ಲ ಮರಳಿನಂಥ ಮಾಸಲು ಕಂದು, ರೆಕ್ಕೆ ಅದಕ್ಕಿಂತ ಗಾಢ, ಕೊಕ್ಕು ಹಳದಿಯಾಗಿರುವುದರಿಂದ ಅವನ್ನು ಬೇರೆಯೇ ಜಾತಿಯೆಂದು ತಿಳಿಯುವವರು ಬಹಳ. ಆಗ ಹಿಂಡು ಮೇಯುವ ಕ್ರಮವನ್ನು ಗಮನಿಸಿ: ಹಿಂದೆ ಉಳಿದವು ಮುಂದಿನವುಗಳ ತಲೆಯ ಮೇಲಿಂದ ಹಾರಿ ಮುಂಚೂಣಿಗೆ ಇಳಿಯುತ್ತ ಹೋಗುವುದರಿಂದ ಇಡೀ ಗುಂಪು ಉರುಳುತ್ತ ಸಾಗಿದಂತೆ ಕಾಣುತ್ತದೆ.

ಹಿಂಡು ಮೇಲೆದ್ದ ಕ್ಷಣ ರೆಕ್ಕೆಯ ಮೇಲೆ ಕಣ್ಣಿಡಿ. ಬಿಳಿಯ ಮಚ್ಚೆ ಹೊಳೆದರೆ ಅದು ಗೊರವಂಕ ಅಥವಾ ಕಾಡು ಮೈನಾ. ಗುಲಾಬಿ ಕಬ್ಬಕ್ಕಿಗೂ ಕರಿತಲೆ ಕಬ್ಬಕ್ಕಿಗೂ ಆ ಮಚ್ಚೆಯಿಲ್ಲ. ಗೊರವಂಕದ ಕಣ್ಣಿನ ಸುತ್ತ ಹಳದಿ ಚರ್ಮವಿದ್ದರೆ, ಕಾಡು ಮೈನಾಕ್ಕೆ ಅದಿಲ್ಲದೆ ಕೊಕ್ಕಿನ ಬುಡದಲ್ಲಿ ಚಿಕ್ಕ ಗರಿಜುಟ್ಟು ಇರುತ್ತದೆ.

ಬರಿಗಣ್ಣಿಗೆ ಇಷ್ಟೆಲ್ಲ ಕಾಣದು; 8×42ರ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನ) ದುರ್ಬೀನು ಸಾಕು. ಹಕ್ಕಿಗಳನ್ನು ಗುರುತಿಸಲು ಸಹಾಯ ಮಾಡುವ ಮರ್ಲಿನ್ ಎಂಬ ಮೊಬೈಲ್ ಆ್ಯಪ್ ನೆರವಾಗುತ್ತದೆ, ಆದರೆ ಕಂಡದ್ದನ್ನು ಟಿಪ್ಪಣಿ ಮಾಡಿಕೊಂಡ ಮೇಲೆಯೇ ಅದನ್ನು ತೆರೆಯುವುದು ಒಳ್ಳೆಯದು. ಪರದೆಯ ಚಿತ್ರ ಮೊದಲು ಮನಸ್ಸಿಗೆ ಬಂದರೆ ಎದುರಿನ ಹಕ್ಕಿಯೂ ಅದರಂತೆಯೇ ತೋರತೊಡಗುತ್ತದೆ. ಕೊನೆಗೂ ಅನುಮಾನ ಉಳಿದರೆ ಜಾತಿಯನ್ನು ಊಹಿಸದೆ, ‘ಕಬ್ಬಕ್ಕಿ ಗುಂಪಿನ ಹಕ್ಕಿ’ ಎಂದಷ್ಟೇ ಬರೆಯಿರಿ. ಹಕ್ಕಿವೀಕ್ಷಕರು ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲೂ ಹೀಗೆ ಬರೆಯಲು ಅವಕಾಶವಿದೆ.