ಕ್ರಾನ್‌ಬಾಕ್ ಆಲ್ಫಾ ಮೈನಸ್ ಬಂದಾಗ

ಸೈಕಾಲಜಿ ಪ್ರಾಜೆಕ್ಟ್‌ಗೆ ರೋಸೆನ್‌ಬರ್ಗ್ ಆತ್ಮಗೌರವ ಮಾಪನ ಬಳಸಿದ್ದೆ. 1965ರ ಮಾಪನ ಇದು. 10 ವಾಕ್ಯ, ಒಂದೊಂದಕ್ಕೂ 1ರಿಂದ 4 ಅಂಕ. ಡೇಟಾವನ್ನು ಜಮೋವಿ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕಿ ಕ್ರಾನ್‌ಬಾಕ್ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ನೋಡಿದರೆ ಮೈನಸ್! ಸಾಮಾನ್ಯವಾಗಿ 0.7 ದಾಟಿದರೆ ಪರವಾಗಿಲ್ಲ ಅಂತಾರೆ.

ಸ್ಯಾಂಪಲ್ ಸಾಲದು, ಇನ್ನಷ್ಟು ಜನರನ್ನು ಸೇರಿಸು ಎಂದಳು ಗೆಳತಿ. ನನಗೆ ಒಪ್ಪಿಗೆಯಾಗಲಿಲ್ಲ. ಆಲ್ಫಾ ಸೊನ್ನೆಗಿಂತ ಕೆಳಗಿಳಿದರೆ, ವಾಕ್ಯಗಳು ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುತ್ತಿವೆ ಎಂದರ್ಥ. ಇಲ್ಲಿ ಆಗಿದ್ದೂ ಅದೇ. ನಾನು ಬಳಸಿದ ಪ್ರತಿಯಲ್ಲಿ 2, 5, 6, 8, 9ನೇ ವಾಕ್ಯಗಳು ಉಲ್ಟಾ, ಅಂದರೆ ಒಪ್ಪಿದಷ್ಟೂ ಆತ್ಮಗೌರವ ಕಡಿಮೆ ಎಂದರ್ಥ. ‘ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನಿಲ್ಲ’ ಎಂಬ ಅರ್ಥದ ವಾಕ್ಯವನ್ನು ಪೂರ್ತಿ ಒಪ್ಪಿದವರಿಗೆ 4 ಅಂಕ ಸಿಕ್ಕರೆ ಲೆಕ್ಕ ಕೆಡದೆ ಇರುತ್ತದಾ?

ಜಮೋವಿಯ ರಿಲಯಬಿಲಿಟಿ ವಿಭಾಗದಲ್ಲಿ ‘ರಿವರ್ಸ್ ಸ್ಕೇಲ್ಡ್ ಐಟಮ್ಸ್’ ಅಂತ ಒಂದು ಜಾಗ ಇದೆ. ಆ ಐದನ್ನೂ ಅಲ್ಲಿಗೆ ಸರಿಸಿದೆ. ಆಲ್ಫಾ ತಕ್ಷಣ ಮೇಲೆದ್ದಿತು. ಆದರೆ ಇದು ಆಲ್ಫಾ ಲೆಕ್ಕಕ್ಕೆ ಮಾತ್ರ. ಮೂಲ ಡೇಟಾ ಹಾಗೇ ಇರುತ್ತದೆ. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ಅದೇ ಬೇಜಾರು. ಒಟ್ಟು ಅಂಕ ಕೂಡುವ ಮೊದಲು ಆ ಐದಕ್ಕೂ ಹೊಸ ಕಾಲಂ ಮಾಡಿ, 5ರಿಂದ ಕೊಟ್ಟ ಅಂಕ ಕಳೆಯಬೇಕು: 4 ಇದ್ದದ್ದು 1, 3 ಇದ್ದದ್ದು 2. ಅಂಕ 0ಯಿಂದ 3ರವರೆಗೆ ಇದ್ದರೆ 3ರಿಂದ ಕಳೆಯಿರಿ.

8ನೇ ವಾಕ್ಯ ಮಾತ್ರ ಉಳಿದವುಗಳ ಜೊತೆ ಇನ್ನೂ ಸರಿಯಾಗಿ ಹೊಂದಲಿಲ್ಲ. ಆಲ್ಫಾ ಏರಿಸಲು ಅಂತ ಸುಮ್ನೆ ಅದನ್ನು ಕಿತ್ತುಹಾಕಲಿಲ್ಲ. ಹಾಗೇ ಇಟ್ಟು, ವರದಿಯಲ್ಲಿ ಬರೆದೆ.