ರದ್ದಿಯಿಂದ ಹೊಸ ಹಾಳೆ: ಮನೆಮಂದಿಯೆಲ್ಲ ಸೇರಿ ಕಾಗದ ಮಾಡುವ ಬಗೆ

ಮಕ್ಕಳನ್ನು ಕೂರಿಸಿಕೊಂಡು ಕರಕುಶಲದ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಬಟ್ಟೆಯನ್ನು ಸೊಟ್ಟಗೆ ಕತ್ತರಿಸಿದರೆ ಆ ತುಂಡು ಹಾಳಾದಂತೆಯೇ. ಅಂಟು ಒಣಗಿದ ಮೇಲೆ ಜೋಡಣೆ ತಪ್ಪಿದ್ದು ಕಂಡರೆ ಕೀಳುವಂತಿಲ್ಲ, ಬಿಡುವಂತಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ದೊಡ್ಡವರು ಕತ್ತರಿ ಕಿತ್ತುಕೊಂಡು ‘ಇರು, ನಾನೇ ಮಾಡಿಕೊಡುತ್ತೇನೆ’ ಎಂದಿರುತ್ತಾರೆ. ಮಗು ಪಕ್ಕಕ್ಕೆ ಸರಿದು ಪ್ರೇಕ್ಷಕನಾಗುತ್ತದೆ.

ಕಾಗದ ತಯಾರಿಕೆ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಇಲ್ಲಿ ಹಾಳೆ ಕೆಟ್ಟರೆ ಅದನ್ನು ಮತ್ತೆ ತೊಟ್ಟಿಯ ನೀರಿಗೆ ತಟ್ಟಿ ಕಲಕಿದರಾಯಿತು. ತಪ್ಪು ಕರಗಿಹೋಗುತ್ತದೆ, ಸಾಮಾನೂ ನಷ್ಟವಾಗುವುದಿಲ್ಲ. ಹತ್ತು ಸಲ ಕೆಡಿಸಿದ ಮಗು ಹನ್ನೊಂದನೆಯ ಸಲ ತಾನೇ ಸರಿಯಾಗಿ ಎತ್ತುತ್ತದೆ.

ವಿದ್ಯೆ ಹಳೆಯದು. ಕ್ರಿ.ಶ. 105ರಲ್ಲಿ ಚೀನಾದ ಹಾನ್ ಅರಮನೆಯ ಅಧಿಕಾರಿ ಕಾಯ್ ಲುನ್ ಮರದ ತೊಗಟೆ, ಸೆಣಬಿನ ಚೂರು, ಹಳೆಯ ಚಿಂದಿ ಮತ್ತು ಮೀನಿನ ಬಲೆಗಳಿಂದ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದನೆಂದು ಅಲ್ಲಿಯ ಇತಿಹಾಸ ಗ್ರಂಥ ಹೇಳುತ್ತದೆ. ಅದಕ್ಕೂ ಹಿಂದಿನ ಕಾಗದದ ತುಣುಕುಗಳು ಉತ್ಖನನದಲ್ಲಿ ಸಿಕ್ಕಿವೆ. ಆದರೂ ಹೆಸರು ಉಳಿದದ್ದು ಅವನದೇ. ನಮ್ಮ ರದ್ದಿ ಕಾಗದವೂ ಅವನ ಚಿಂದಿಯ ಜಾತಿಗೇ ಸೇರಿದ್ದು.

ಏನೇನು ಬೇಕು

ಒಂದೇ ಅಳತೆಯ ಎರಡು ಮರದ ಚೌಕಟ್ಟುಗಳು. ಗಾಜು ಒಡೆದ ಹಳೆಯ ಫೋಟೊ ಚೌಕಟ್ಟುಗಳಾದರೂ ಸರಿ. ಒಂದಕ್ಕೆ ಸೊಳ್ಳೆ ಪರದೆಯಂಥ ನೈಲಾನ್ ಜಾಲರಿಯನ್ನು ಬಿಗಿಯಾಗಿ ಎಳೆದು ಸುತ್ತಲೂ ಪಿನ್ ಹೊಡೆಯಿರಿ. ಬಿಗಿಯೆಂದರೆ ಬೆರಳಿನಿಂದ ತಟ್ಟಿದಾಗ ತಮಟೆಯಂತೆ ಪುಟಿಯಬೇಕು. ಜಾಲರಿ ಜೋತುಬಿದ್ದರೆ ಹಾಳೆಯ ನಡುಭಾಗ ದಪ್ಪವಾಗಿ ಅಂಚು ತೆಳುವಾಗುತ್ತದೆ. ಇನ್ನೊಂದು ಚೌಕಟ್ಟು ಖಾಲಿಯೇ ಇರಲಿ. ಜಾಲರಿಯ ಮೇಲೆ ಅದನ್ನು ಕೂರಿಸಿದಾಗ ಹಾಳೆಯ ಎಲ್ಲೆಯನ್ನು ಅದು ಕಾಯುತ್ತದೆ.

ಇವಲ್ಲದೆ ಚೌಕಟ್ಟಿಗಿಂತ ಅಗಲವಾದ ಟಬ್, ಹಳೆಯ ಹತ್ತಿ ಬಟ್ಟೆಯ ಏಳೆಂಟು ತುಂಡುಗಳು, ಒಂದು ಸ್ಪಂಜು, ಎರಡು ಮರದ ಹಲಗೆಗಳು ಮತ್ತು ಮಿಕ್ಸಿ. ಅಡುಗೆಗೆ ಬಳಸುವ ಜಾರ್ ಬೇಡ, ಮೂಲೆ ಸೇರಿದ ಹಳೆಯದೊಂದನ್ನು ಇದಕ್ಕೇ ಮೀಸಲಿಡಿ.

ಕಾಗದ ಎಷ್ಟು ಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ. ಹದಿನಾರು ಎ4 ಹಾಳೆಗಳನ್ನು ಹಾಸಿದರೆ ಸರಿಯಾಗಿ ಒಂದು ಚದರ ಮೀಟರ್. ಸಾಮಾನ್ಯ ಮುದ್ರಣ ಕಾಗದ ಚದರ ಮೀಟರಿಗೆ 80 ಗ್ರಾಂ ತೂಗುವುದರಿಂದ ಒಂದು ಹಾಳೆ 5 ಗ್ರಾಂ. ಕೈಯಲ್ಲಿ ಎತ್ತಿದ ಹಾಳೆ ಅದರ ಎರಡರಷ್ಟು ದಪ್ಪವಿರುತ್ತದೆ ಎಂದುಕೊಂಡರೆ, ಒಂದು ಎ4 ರದ್ದಿಯಿಂದ ಅದರ ಅರ್ಧ ಅಳತೆಯ ಒಂದು ಹೊಸ ಹಾಳೆ. ತೊಟ್ಟಿಯ ತಳದಲ್ಲಿ ಒಂದಿಷ್ಟು ತಿರುಳು, ಅಂದರೆ ನೀರಿನಲ್ಲಿ ಅರೆದ ಕಾಗದ, ಉಳಿದೇ ಉಳಿಯುವುದರಿಂದ ಹತ್ತು ಹಾಳೆ ಬೇಕಿದ್ದರೆ ಹದಿನೈದು ರದ್ದಿ ತೆಗೆದುಕೊಳ್ಳಿ.

ಬರೆದು ಬಿಟ್ಟ ಹಾಳೆ, ಹಳೆಯ ಲಕೋಟೆ, ನೋಟ್‌ಬುಕ್ಕಿನ ಪುಟ ಎಲ್ಲವೂ ಒಳ್ಳೆಯವೇ. ಲಕೋಟೆಯ ಪ್ಲಾಸ್ಟಿಕ್ ಕಿಟಕಿ, ಪುಸ್ತಕದ ಪಿನ್ ಕಿತ್ತುಬಿಡಿ. ಹೊಳಪಿನ ನಿಯತಕಾಲಿಕದ ಪುಟಗಳ ಮೇಲೆ ಜೇಡಿಯ ಲೇಪವಿರುತ್ತದೆ. ತೂಕಕ್ಕೆ ಸಿಗುವ ನಾರು ಕಡಿಮೆ. ಅಂಗಡಿಯ ಬಿಲ್ಲು ಬೇಡವೇ ಬೇಡ, ಶಾಖಕ್ಕೆ ಕಪ್ಪಾಗುವ ಆ ಕಾಗದದ ಮೇಲೆ ರಾಸಾಯನಿಕಗಳಿರುತ್ತವೆ. ಇನ್ನು ಪತ್ರಿಕೆ: ಅದೂ ಆಗುತ್ತದೆ, ಆದರೆ ಬೂದುಬಣ್ಣದ ಹಾಳೆ ಬರುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಮರವನ್ನು ಅರೆದು ಮಾಡಿದ ಪತ್ರಿಕೆ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುವುದೇ ಇದಕ್ಕೆ ಕಾರಣ. ಪತ್ರಿಕೆಯ ಪುರವಣಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಇರಲಿ.

ಹರಿಯುವುದು, ನೆನೆಸುವುದು, ಅರೆಯುವುದು

ಹರಿಯುವ ಕೆಲಸ ಮನೆಯ ಅತಿ ಚಿಕ್ಕವರದು. ಬೆರಳುಗುರಿನಷ್ಟು ಸಣ್ಣ ಮಾಡಬೇಕಿಲ್ಲ, ಎರಡು ಮೂರು ಸೆಂಟಿಮೀಟರಿನ ಚೂರುಗಳು ಸಾಕು. ಕತ್ತರಿ ಬೇಡ. ಕತ್ತರಿ ನಾರನ್ನು ತುಂಡರಿಸುತ್ತದೆ. ಕೈಯಿಂದ ಹರಿದರೆ ನಾರುಗಳು ಎಳೆಯೆಳೆಯಾಗಿ ಬಿಡಿಸಿಕೊಳ್ಳುತ್ತವೆ. ಹರಿದ ಅಂಚನ್ನು ಬೆಳಕಿಗೆ ಹಿಡಿದರೆ ಕೂದಲಿನಂಥ ಆ ಎಳೆಗಳು ಮಗುವಿಗೂ ಕಾಣುತ್ತವೆ. ಬಿಸಿನೀರು ಹೊಯ್ದು ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಒಂದು ಹಿಡಿ ಚೂರಿಗೆ ಮುಕ್ಕಾಲು ಜಾರ್ ನೀರು ಹಾಕಿ ಅರ್ಧ ನಿಮಿಷ ತಿರುಗಿಸಿ. ನೀರು ಕಡಿಮೆಯಾದರೆ ಮೋಟರ್ ನರಳುತ್ತದೆ. ಹೆಚ್ಚು ಹೊತ್ತು ತಿರುಗಿಸಿದರೆ ನಾರು ತುಂಡಾಗಿ ಹಾಳೆ ಪುಡಿಪುಡಿಯಾಗುತ್ತದೆ. ಹದ ತಿಳಿಯಲು ಒಂದು ಚಮಚ ತಿರುಳನ್ನು ಗಾಜಿನ ಬಾಟಲಿಯ ನೀರಿಗೆ ಹಾಕಿ ಕುಲುಕಿ, ಬೆಳಕಿನೆದುರು ಹಿಡಿಯಿರಿ. ಗಂಟುಗಳಿಲ್ಲದೆ ಮೋಡದಂತೆ ಹರಡಿದ್ದರೆ ಆಯಿತು.

ಎತ್ತುವುದು

ಟಬ್ಬಿನ ಮುಕ್ಕಾಲು ಭಾಗ ನೀರು ತುಂಬಿ ತಿರುಳನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಅಂಗೈ ಮುಳುಗಿಸಿದಾಗ ಬೆರಳುಗಳು ಮಸುಕಾಗಿ ಕಾಣುವಷ್ಟು ತಿರುಳಿದ್ದರೆ ಸಾಕು. ಪೆನ್ನಿನಲ್ಲಿ ಬರೆಯುವ ಆಸೆಯಿದ್ದರೆ ಈಗಲೇ ಎರಡು ಚಮಚ ಪಿಷ್ಟವನ್ನು ನೀರಿನಲ್ಲಿ ಕುದಿಸಿ ಬೆರೆಸಿಬಿಡಿ, ಇಲ್ಲವಾದರೆ ಶಾಯಿ ಹರಡುತ್ತದೆ.

ಮುಂದಿನದು ಇಡೀ ಕೆಲಸದ ಜೀವಾಳ. ಜಾಲರಿಯ ಮುಖ ಮೇಲಿರಲಿ, ಅದರ ಮೇಲೆ ಖಾಲಿ ಚೌಕಟ್ಟು ಕೂರಿಸಿ ಎರಡನ್ನೂ ಒಟ್ಟಿಗೆ ಬಿಗಿಹಿಡಿಯಿರಿ. ತಿರುಳು ತಳ ಸೇರುವ ಮೊದಲೇ, ಪ್ರತಿ ಸಲವೂ, ಕೈಯಾಡಿಸಿ ಕಲಕಬೇಕು. ಚೌಕಟ್ಟನ್ನು ನೆಟ್ಟಗೆ ನೀರಿಗಿಳಿಸಿ, ಒಳಗೆ ಮಲಗಿಸಿ, ಮಟ್ಟವಾಗಿ ಒಂದೇ ಓಘದಲ್ಲಿ ಮೇಲೆತ್ತಿ. ನೀರು ಸೋರುತ್ತಿರುವಾಗಲೇ ಒಮ್ಮೆ ಹಿಂದೆ ಮುಂದೆ, ಒಮ್ಮೆ ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ಈ ಅಲುಗಾಟದಲ್ಲೇ ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುವುದು. ಮೇಲಿನ ನೀರೆಲ್ಲ ಇಳಿದ ಕೂಡಲೇ ಅಲುಗಿಸುವುದನ್ನು ನಿಲ್ಲಿಸಿ. ಆಮೇಲೆ ಅಲುಗಿಸಿದರೆ ಹಾಳೆ ಬಿರುಕುಬಿಡುತ್ತದೆ.

ಹನಿ ನಿಧಾನವಾಗುವವರೆಗೆ ಕಾದು ಮೇಲಿನ ಚೌಕಟ್ಟನ್ನು ನೇರವಾಗಿ ಮೇಲಕ್ಕೆ ತೆಗೆಯಿರಿ. ಇಲ್ಲೊಂದು ಹನಿ ಜಾರಿ ಹಸಿ ಹಾಳೆಯ ಮೇಲೆ ಬಿದ್ದರೆ ಅಲ್ಲಿ ನಾರು ಸರಿದು ತೆಳುವಾದ ಗುಂಡನೆಯ ಗುರುತು ಉಳಿಯುತ್ತದೆ. ಕಸುಬಿನವರು ಇದಕ್ಕೆ ‘ಕಾಗದಗಾರನ ಕಣ್ಣೀರು’ ಎನ್ನುತ್ತಾರೆ. ಆರೇಳು ವರ್ಷದ ಮಗು ಈ ಎತ್ತುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಚೌಕಟ್ಟು ಮಾತ್ರ ಅದರ ಕೈಯಳತೆಗೆ ಚಿಕ್ಕದಿರಲಿ.

ಬೋರಲು ಹಾಕುವುದು

ಮೊದಲ ದಿನ ನಾನು ಸೋತದ್ದು ಇಲ್ಲಿ. ಆರು ಹಾಳೆ ಎತ್ತಿದೆ, ಆರೂ ಜಾಲರಿಗೇ ಕಚ್ಚಿಕೊಂಡವು. ಉಗುರಿನಿಂದ ಎಬ್ಬಿಸಲು ಹೋಗಿ ಕೈಗೆ ಬಂದದ್ದು ಚಿಂದಿ. ನಾನು ಹಾಸಿದ ಬಟ್ಟೆ ಒಣದಾಗಿತ್ತು. ಹಸಿ ಹಾಳೆ ಒದ್ದೆ ಬಟ್ಟೆಗೆ ಅಂಟುತ್ತದೆ, ಒಣ ಬಟ್ಟೆಗೆ ಅಂಟುವುದಿಲ್ಲ, ಅಷ್ಟೇ ಗುಟ್ಟು.

ಹಲಗೆಯ ಮೇಲೆ ಬಟ್ಟೆಯನ್ನು ನೆನೆಸಿ, ಹಿಂಡಿ, ಸುಕ್ಕಿಲ್ಲದಂತೆ ಹಾಸಿ. ಜಾಲರಿಯ ಒಂದು ಅಂಚನ್ನು ಬಟ್ಟೆಯ ಮೇಲೆ ನಿಲ್ಲಿಸಿ, ಪುಸ್ತಕದ ಪುಟ ಮಗುಚಿದಂತೆ ಬೋರಲು ಮಲಗಿಸಿ. ಜಾಲರಿಯ ಬೆನ್ನಿಗೆ ಸ್ಪಂಜು ಒತ್ತಿ ನೀರು ಹೀರಿ, ಹಿಂಡಿ, ಮತ್ತೆ ಒತ್ತಿ. ಐದಾರು ಸಲ ಹೀಗೆ ಮಾಡಿದ ಮೇಲೆ ಒಂದು ತುದಿಯಿಂದ ಜಾಲರಿಯನ್ನು ಮೆಲ್ಲಗೆ ಎಬ್ಬಿಸಿ. ಹಾಳೆ ಬಟ್ಟೆಯ ಮೇಲೆ ಉಳಿದರೆ ಗೆದ್ದಿರಿ. ಉಳಿಯದಿದ್ದರೆ ತೊಟ್ಟಿಗೆ ತಟ್ಟಿ, ಕಲಕಿ, ಮತ್ತೊಮ್ಮೆ ಎತ್ತಿ. ಪದೇ ಪದೇ ಹರಿಯುತ್ತಿದ್ದರೆ ತೊಟ್ಟಿಯಲ್ಲಿ ತಿರುಳು ಕಡಿಮೆಯಾಗಿದೆಯೆಂದು ಅರ್ಥ.

ಹಾಳೆಯ ಮೇಲೆ ಇನ್ನೊಂದು ಒದ್ದೆ ಬಟ್ಟೆ, ಅದರ ಮೇಲೆ ಮತ್ತೊಂದು ಹಾಳೆ, ಹೀಗೆ ಪೇರಿಸುತ್ತಾ ಹೋಗಿ. ಎಲ್ಲ ಮುಗಿದಾಗ ಎರಡನೆಯ ಹಲಗೆಯನ್ನು ಮೇಲಿಟ್ಟು ಒಬ್ಬೊಬ್ಬರಾಗಿ ಹತ್ತಿ ನಿಲ್ಲಿ. ಮನೆಯಲ್ಲಿ ಹೆಚ್ಚು ತೂಕದವರಿಗೆ ಗೌರವ ಸಿಗುವ ಅಪರೂಪದ ಸಂದರ್ಭವಿದು.

ಒಣಗಿಸುವುದು

ಒತ್ತಿದ ಹಾಳೆಯನ್ನು ಬಟ್ಟೆಯ ಸಮೇತ ಎತ್ತಿ ಕಿಟಕಿಯ ಗಾಜಿಗೆ ಅಂಟಿಸಿ, ಬೆರಳಿನಿಂದ ಸವರಿ, ಬಟ್ಟೆಯನ್ನು ಸುಲಿಯಿರಿ. ಗಾಜಿಗೆ ತಾಗಿದ ಮುಖ ನುಣುಪಾಗಿ ಬರುತ್ತದೆ. ಹಗ್ಗಕ್ಕೆ ನೇತುಹಾಕಿದರೂ ಒಣಗುತ್ತದೆ, ಆದರೆ ಸುರುಟಿಕೊಳ್ಳುತ್ತದೆ. ಆಮೇಲೆ ದಪ್ಪ ಪುಸ್ತಕಗಳ ಕೆಳಗೆ ಎರಡು ದಿನ ಇಡಬೇಕಾಗುತ್ತದೆ. ಒಣಗಲು ಒಂದು ದಿನ ಬಿಡಿ. ತಾನೇ ಅಂಚು ಬಿಡುವ ಮೊದಲು ಕೀಳಬೇಡಿ.

ಒಂದು ಹನಿ ಅಂಟೂ ಇಲ್ಲದೆ ಇದು ಹೇಗೆ ಹಿಡಿದುಕೊಂಡಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಾರೆಂದರೆ ಸೆಲ್ಯುಲೋಸ್. ನೀರು ಆರುತ್ತಾ ಹೋದಂತೆ ಅದು ನಾರುಗಳನ್ನು ಹತ್ತಿರಕ್ಕೆಳೆಯುತ್ತದೆ. ತೀರಾ ಹತ್ತಿರ ಬಂದಾಗ ಅವುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಕಾಗದವನ್ನು ನೆನೆಸಿದರೆ ನೀರು ನಡುವೆ ನುಗ್ಗಿ ಅದೇ ಬಂಧಗಳನ್ನು ಬಿಡಿಸುತ್ತದೆ. ನಮ್ಮ ರದ್ದಿ ಕರಗಿದ್ದೂ ಹೊಸ ಹಾಳೆ ಗಟ್ಟಿಯಾದದ್ದೂ ಈ ಒಂದೇ ಗುಣದಿಂದ. ಕಣಜಗಳೂ ಮರವನ್ನು ಅಗಿದು ಇಂಥ ಕಾಗದದಿಂದಲೇ ಗೂಡು ಕಟ್ಟುತ್ತವೆ. ಯುರೋಪಿನಲ್ಲಿ ಚಿಂದಿಯಿಂದಲೇ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ ಈ ಗೂಡನ್ನು ತೋರಿಸಿ ಮರದಿಂದಲೂ ಕಾಗದ ಸಾಧ್ಯವೆಂದು ಸೂಚಿಸಿದ್ದ.

ಅಲಂಕಾರದ ಆಸೆ

ಹೂವಿನ ಎಸಳು ಹಾಕುವುದಾದರೆ ಪುಸ್ತಕದ ನಡುವೆ ಒಣಗಿಸಿದ್ದು ಹಾಕಿ. ಹಸಿ ಎಸಳು ಸುತ್ತಲೂ ಕಂದು ಕಲೆ ಬಿಡುತ್ತದೆ. ಬಣ್ಣದ ಕಾಗದವನ್ನು ಬೇರೆಯಾಗಿ ಅರೆದು ಬಿಳಿ ತಿರುಳಿಗೆ ಕೊನೆಯಲ್ಲಿ ಬೆರೆಸಿದರೆ ಚುಕ್ಕೆಚುಕ್ಕೆಯ ಹಾಳೆ ಸಿಗುತ್ತದೆ. ದಾರದ ತುಣುಕುಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕದಿರಲಿ. ಬೀಜ ಬೆರೆಸಿದ ಕಾಗದವನ್ನು ಬೇಗ ಒಣಗಿಸದಿದ್ದರೆ ಗಾಜಿನ ಮೇಲೆಯೇ ಮೊಳೆಯುತ್ತದೆ. ಮೊದಲ ದಿನವೇ ಇವೆಲ್ಲ ಬೇಡವೆಂಬುದು ನನ್ನ ಅಭಿಪ್ರಾಯ. ಬರಿಯ ಬಿಳಿ ಹಾಳೆ ಕೈಗೆ ಹತ್ತಲಿ.

ಉಳಿದ ತಿರುಳನ್ನು ಯಾವ ಕಾರಣಕ್ಕೂ ಬಚ್ಚಲಿಗೆ ಸುರಿಯಬೇಡಿ. ಕೊಳವೆಯೊಳಗೆ ಅದು ಮತ್ತೆ ಕಾಗದವಾಗುತ್ತದೆ; ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಂಡೆ ಕಟ್ಟಿ ಬಿಸಿಲಿಗಿಡಿ. ಹಸಿಯಾಗಿಯೇ ಬಿಟ್ಟರೆ ಎರಡು ಮೂರು ದಿನಕ್ಕೆ ನಾರುತ್ತದೆ. ಒಣಗಿದ ಉಂಡೆಯನ್ನು ಎಷ್ಟು ತಿಂಗಳಾದ ಮೇಲೆ ಬೇಕಾದರೂ ನೆನೆಸಿ, ಅರೆದು, ಮತ್ತೆ ತೊಟ್ಟಿಗೆ ಹಾಕಬಹುದು.